ಹಿಂದೆ ನಿಂತು ‘ಬರ್ಲಿ’ ಎನ್ನುವವರು

ನಮ್ಮ ಕಡೆ ವಾಹನವೊಂದು ಹಿಂದಕ್ಕೆ ಸರಿಯತೊಡಗಿತೆಂದರೆ ಅದರ ಬೆನ್ನಿಗೆ ಒಬ್ಬ ಮನುಷ್ಯ ತಾನಾಗಿ ಉದ್ಭವಿಸುತ್ತಾನೆ. ಗೋಕಾಕದ ಪೇಟೆಯಲ್ಲಿ ನೋಡಿ: ಅರ್ಧ ಕುಡಿದ ಚಹಾವನ್ನು ಕಟ್ಟೆಯ ಮೇಲಿಟ್ಟು ಎದ್ದು ಬಂದ ಅಪರಿಚಿತನೊಬ್ಬ, ಆ ಗಾಡಿಗೂ ತನಗೂ ಜನ್ಮಾಂತರದ ಸಂಬಂಧವಿದ್ದಂತೆ ‘ಬರ್ಲಿ, ಬರ್ಲಿ, ಬರ್ಲಿ’ ಎಂದು ಕೈಯಾಡಿಸುತ್ತಾನೆ; ಗಾಡಿ ಕಂಬಕ್ಕೆ ತಾಗಿದ ಮೇಲೆ ‘ಹೋಲ್ಡಾನ್’ ಎನ್ನುತ್ತಾನೆ. ನೇಮಕಾತಿಯಿಲ್ಲದ, ಪಗಾರವಿಲ್ಲದ, ಹೊಣೆಯಂತೂ ಮೊದಲೇ ಇಲ್ಲದ ಈ ಹುದ್ದೆಯನ್ನು ರದ್ದುಗೊಳಿಸಬೇಕೆಂಬುದು ನನ್ನ ಬಹುಕಾಲದ ವಾದವಾಗಿತ್ತು.

ವಾದ ನನಗೆ ವೃತ್ತಿಯಲ್ಲ, ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ‘ಮೊದಲು ಪದಗಳ ಅರ್ಥ ನಿಶ್ಚಯವಾಗಲಿ’ ಎಂದು ಎದುರಾಳಿಯ ತಾಳ್ಮೆಯನ್ನು ನುಂಗಿ ಗೆದ್ದವಳು ನಾನು. ಈಗ ಓದುತ್ತಿರುವುದು ಮಿದುಳಿನ ನರಜಾಲವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಶಾಸ್ತ್ರ. ಅಲ್ಲಿ ಹಳೆಯದೊಂದು ತಕರಾರಿದೆ. ಕೃತಕ ಜಾಲ ತಪ್ಪು ಉತ್ತರ ಕೊಟ್ಟಾಗ ಆ ತಪ್ಪನ್ನು ಹಿಮ್ಮುಖವಾಗಿ ಕಳಿಸಿ, ಒಳಗಿನ ಪ್ರತಿಯೊಂದು ಕೊಂಡಿಗೂ ‘ಇದರಲ್ಲಿ ನಿನ್ನ ಪಾಲು ಇಷ್ಟು, ಇಷ್ಟೇ ತಿದ್ದಿಕೋ’ ಎಂದು ಕರಾರುವಾಕ್ಕಾಗಿ ತಿಳಿಸುತ್ತಾರೆ. ಹಾಗೆ ತಿಳಿಸಬೇಕಾದರೆ ಹಿಂದಿರುಗುವ ದಾರಿಗೆ ಮುಂದೆ ಹೋಗುವ ದಾರಿಯ ಬಲಾಬಲವೆಲ್ಲ ಕನ್ನಡಿಯಲ್ಲಿ ಕಂಡಂತೆ ಗೊತ್ತಿರಬೇಕು. ಆದರೆ ತಲೆಯೊಳಗಿನ ಕೊಂಡಿಗಳು ಬಹುಮಟ್ಟಿಗೆ ಏಕಮುಖ ಸಂಚಾರದ ಓಣಿಗಳು. ಅಂಥ ಸರ್ವಜ್ಞ ಟಪಾಲಿನವನನ್ನು ಅಲ್ಲಿ ಯಾರೂ ಕಂಡಿಲ್ಲ. ಹಾಗಾದರೆ ಮಿದುಳು ಕಲಿಯುವುದು ಹೇಗೆ? ಕೆಲವರು ಕೊಟ್ಟ ಉತ್ತರವೊಂದು ಹೀಗಿದೆ: ಹಿಂದಿನಿಂದ ಬರುವ ಸಂಕೇತ ಕರಾರುವಾಕ್ಕಾಗಿ ಇರಬೇಕೆಂದೇನಿಲ್ಲ, ಅಡ್ಡಾದಿಡ್ಡಿ ಜೋಡಿಸಿದ ದಾರಿಯಲ್ಲಿ ಬಂದರೂ ನಡೆದೀತು, ಆ ಜೋಡಣೆ ದಿನಕ್ಕೊಂದು ರೀತಿ ಬದಲಾಗದಿದ್ದರೆ ಸಾಕು. ಕಲಿಯುವ ಜಾಲವೇ ಮೆಲ್ಲಗೆ ಅದಕ್ಕೆ ಹೊಂದಿಕೊಂಡು ಅದನ್ನು ಉಪಯುಕ್ತವಾಗಿಸಿಕೊಳ್ಳುತ್ತದೆ. ತಪ್ಪು ವಿಳಾಸದ ಪತ್ರ ಸರಿಯಾದ ಮನೆಗೆ ತಲುಪುತ್ತದೆ ಎಂದ ಹಾಗಾಯಿತಲ್ಲ ಎಂದು ನಾನು ನಕ್ಕೆ.

ಆ ನಗು ಹುಕ್ಕೇರಿ ತಾಲ್ಲೂಕಿನ ನಮ್ಮ ತೋಟದ ಮನೆಗೆ ಬರುವವರೆಗೆ ಬಾಳಿತು. ಅಪ್ಪ ಜಾರಿಬಿದ್ದು ಭುಜ ಮುರಿದುಕೊಂಡು, ಘಟಪ್ರಭೆಯ ಆಸ್ಪತ್ರೆಯಿಂದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದಿದ್ದ. ಕಾರ್ಖಾನೆಗೆ ಕಬ್ಬು ಸಾಗಿಸುವ ನಮ್ಮ ಪಾಳಿ ಹತ್ತಿರವಾಗಿತ್ತು. ಟ್ರ್ಯಾಕ್ಟರ್ ನಾನು ಹೊಡೆಯುತ್ತೇನೆ, ಹೊರಗಿನ ಡ್ರೈವರ್ ಯಾಕೆ ಎಂದು ಊಟದ ಹೊತ್ತಿಗೆ ವಾದ ಹೂಡಿ ಗೆದ್ದೆ.

“ಮುಂದ ಯಾರರೆ ಹೊಡೀತಾರವಾ,” ಎಂದ ಅಪ್ಪ. “ಟ್ರೇಲರ್ ಹಿಂದ ತಗೊಂಡು ಹಿತ್ತಲದಾಗ ಹಚ್ಚಿ ತೋರಸು. ಇಲ್ಲಂದ್ರ ಕೀಲಿ ಡ್ರೈವರ್‌ಗೆ.”

ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ನಡೆಸುವುದು ತರ್ಕಶಾಸ್ತ್ರಕ್ಕೆ ಮಾಡಿದ ಅವಮಾನ. ಚಕ್ರವನ್ನು ಅತ್ತ ತಿರುಗಿಸಿದರೆ ಬಾಲ ಇತ್ತ ಹೊರಳುತ್ತದೆ. ಪರೀಕ್ಷೆಗೆ ಮೊದಲು ಅಭ್ಯಾಸಕ್ಕಿಳಿದ ನನ್ನ ಬಾಲದ ಹಿಂದೆ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಮೇವಿನ ಬಣವೆ, ಅವುಗಳ ನಡುವೆ ಟವೆಲ್ ಹೆಗಲಿಗೆ ಹಾಕಿ ನಿಂತವನು ನಮ್ಮ ಕಾಕಾ, ಅಪ್ಪನ ತಮ್ಮ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವನಲ್ಲ. ಒಮ್ಮೆ ಈ ಕೈ ಎತ್ತುತ್ತಿದ್ದ, ಒಮ್ಮೆ ಆ ಕೈ.

“ಕಾಕಾ, ಕೈ ಮಾಡಿದ ಕಡೆ ಸ್ಟೇರಿಂಗ್ ತಿರವಲೋ, ಟ್ರೇಲರ್ ಹೋಗಬೇಕೋ? ಮೊದ್ಲ ಅದನ್ನ ಹೇಳು.”

“ಎರಡೂ ಅಲ್ಲ. ನೀ ಸುಮ್ನ ನನ್ನ ನೋಡ್ಕೋಂತ ಬಾ. ಬರ್ಲಿ!”

ಗೋಡೆಗೆ ಎರಡು ಕಡೆ ಗಾಯವಾಯಿತು. ಆದರೆ ಕಾಕಾನ ಅವ್ಯವಸ್ಥೆಗೆ ಒಂದು ನಿಷ್ಠೆಯಿತ್ತು. ಬಾಲ ಗೋಡೆಯತ್ತ ಹೊರಳಿದಾಗ ಇಂದು ಎತ್ತಿದ ಕೈಯನ್ನೇ ನಾಳೆಯೂ ಎತ್ತುತ್ತಿದ್ದ. ದಿನಗಳೆದಂತೆ ನನ್ನ ಬುದ್ಧಿಗೆ ತಿಳಿಯದ್ದು ನನ್ನ ತೋಳುಗಳಿಗೆ ತಿಳಿಯತೊಡಗಿತು. ಟ್ರೇಲರ್ ಸಾಧುಪ್ರಾಣಿಯಂತೆ ಹಿತ್ತಲು ಸೇರತೊಡಗಿತು.

ಅಪ್ಪನೆದುರು ಪರೀಕ್ಷೆಯ ದಿನ ಕಾಕಾ ಮಗಳ ಮನೆಗೆಂದು ಮೂಡಲಗಿಗೆ ಹೋಗಿದ್ದ. ಅಪ್ಪನೇ ಹಿಂದೆ ನಿಂತ. ಅನುಭವಿ, ಸ್ಟೇರಿಂಗ್ ಎತ್ತ ತಿರುಗಬೇಕೋ ಅತ್ತಲೇ, ಇದ್ದ ಒಂದೇ ಕೈಯಿಂದ ಸ್ಪಷ್ಟವಾಗಿ ತೋರಿಸಿದ. ನಾನು ನೇರ ಬಣವೆಯೊಳಗೆ ಹೊಕ್ಕೆ.

“ಈ ಕಡೆ ಅಂದ್ರ ಆ ಕಡೆ ಯಾಕ ತಿರವತೀ?” ಅಪ್ಪ ಕೂಗಿದ. ನನಗೂ ಅದೇ ಪ್ರಶ್ನೆ. ಅಪ್ಪ ಟ್ರೇಲರಿಗೆ ಅಂಟಿದ ಮೇವು ಕೊಡವಿದ: “ನಾಳೆ ಇನ್ನೊಮ್ಮೆ ನೋಡೂಣು. ಆಮ್ಯಾಲ ಡ್ರೈವರ್‌ಗೆ ಫೋನ್ ಮಾಡ್ತೇನಿ.”

ಮರುದಿನ ಕಾಕಾ ಮರಳಿದ. ಟವೆಲ್ ಝಾಡಿಸಿ ನಿಂತ, ಕೈ ಎತ್ತಿದ, ‘ಬರ್ಲಿ’ ಎಂದ. ಟ್ರೇಲರ್ ಒಂದೇ ಉಸಿರಿಗೆ ಒಳಗೆ ಹೋಯಿತು. ಅಪ್ಪ ಬಣವೆಗೆ ಒರಗಿ ನಗತೊಡಗಿದ: “ಏ, ಅಂವಾ ಉಲ್ಟಾ ಕೈ ಮಾಡ್ತಾನ, ನೀ ಮತ್ತ ಅದನ್ನ ಉಲ್ಟಾ ಮಾಡ್ತಿ!”

“ಕಲಿಸಿದವ್ರು ಯಾರು ಅಂತ ಕೇಳಣ್ಣಾ,” ಎಂದ ಕಾಕಾ, ಗಂಭೀರವಾಗಿ. ಕೀಲಿ ನನ್ನ ಬಳಿಯೇ ಉಳಿಯಿತು.

ಮಿದುಳು ಹೀಗೆಯೇ ಕಲಿಯುತ್ತದೆಂದು ನಾನು ಇಂದಿಗೂ ಒಪ್ಪಿಲ್ಲ. ಜಾಲ ದೊಡ್ಡದಾದಂತೆ ಆ ಉಪಾಯ ಮುಗ್ಗರಿಸುತ್ತದೆ, ತಲೆಯೊಳಗೆ ಅದಕ್ಕೆ ಸಾಕ್ಷಿಯೂ ಸಾಲದು. ಆದರೆ ನಮ್ಮನ್ನು ತಿದ್ದಿದವರೆಲ್ಲ ಸರಿಯಾಗಿಯೇ ತಿದ್ದಿದರೆಂಬ ನಂಬಿಕೆಯನ್ನು ಮಾತ್ರ ಬಿಟ್ಟಿದ್ದೇನೆ. ಅವರು ದಿನವೂ ಅಲ್ಲೇ ನಿಂತಿದ್ದರು. ಉಳಿದದ್ದನ್ನು ನಾವು ಸರಿಮಾಡಿಕೊಂಡೆವು.

ಹೋದ ವಾರ ಗೋಕಾಕದ ಪೇಟೆಯಲ್ಲಿ ಟೆಂಪೋ ಒಂದು ಹಿಂದಕ್ಕೆ ಸರಿಯುತ್ತಿತ್ತು. ಹಿಂದೆ ಯಾರೂ ಇರಲಿಲ್ಲ. ಅರ್ಧ ಕುಡಿದ ಚಹಾವನ್ನು ಕಟ್ಟೆಯ ಮೇಲಿಟ್ಟು ನಾನೇ ಎದ್ದೆ. “ಯಾ ಕಡೆ ತಿರವಲಿ ಅಕ್ಕಾರ?” ಎಂದ ಡ್ರೈವರ್. ಕಾಕಾನ ಹಾಗೆಯೇ ಕೈ ಎತ್ತಿ ‘ಬರ್ಲಿ, ಬರ್ಲಿ’ ಎಂದೆ. ಅವನು ನನ್ನ ಕೈಗೆ ಪಳಗಿದವನಲ್ಲವೆಂಬುದು ಹೊಳೆದದ್ದು ಕಂಬ ಟಣ್ಣೆಂದ ಮೇಲೆ.

‘ಹೋಲ್ಡಾನ್’ ಎಂದೆ.