ಬಾಯಿ ತುಂಬ ಮೊಳೆ

ಆ ಪ್ಲಾಸ್ಟಿಕ್ ಸ್ಟೂಲಿನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಪ್ಪತ್ತೆಂಟು ವರ್ಷದಿಂದ ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವ ಕೆಲಸ ನನ್ನದು. ನಮ್ಮ ಊರಿನಲ್ಲಿ ಮೆತ್ತಗೆ ಕೂತವರಲ್ಲಿ ಅರ್ಧಕ್ಕರ್ಧ ಜನ ಕೂತಿರುವುದು ನನ್ನ ಕೈಕೆಲಸದ ಮೇಲೆ. ಅಂಥವನನ್ನು ಆ ಕೌನ್ಸೆಲರ್ ಮೇಡಂ ಒಂದು ಕಾಲು ಗಿಡ್ಡವಾದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಬಾಗಿಲಾಚೆ ಕೂರಿಸಿದರು. ಮಗಳನ್ನು ಮಾತ್ರ ಒಳಗೆ ಕರೆದರು.

"ನಾನು ಅವಳಪ್ಪ ಕಣ್ರೀ," ಎಂದೆ.

"ಗೊತ್ತಾಯ್ತು ಸರ್. ಅದಕ್ಕೇ ಹೊರಗೆ," ಎಂದು ಬಾಗಿಲು ಹಾಕಿಕೊಂಡರು.

ಆ "ಅದಕ್ಕೇ" ಎರಡು ವಾರ ನನ್ನ ನಿದ್ದೆ ಕೆಡಿಸಿತು.

ಮಗಳ ವಿಷಯ ಮೊದಲು ಹೇಳಬೇಕು. ಅವಳಿಗೆ ಇಟ್ಟ ಹೆಸರು ಒಂದಿದೆ, ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ರೇಡಿಯೋ. ಎರಡನೇ ವರ್ಷಕ್ಕೆ ಶುರುವಾದ ಬಾಯಿ ನಿದ್ದೆಯಲ್ಲೂ ನಿಲ್ಲುತ್ತಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಬಂದು, ಹಳೇ ಫೋಮಿನ ರಾಶಿಯ ಮೇಲೆ ಕಾಲು ಮಡಚಿ ಕೂತು, ಟೀಚರ ಚಪ್ಪಲಿಯಿಂದ ಹಿಡಿದು ಮುಂದಿನ ಬೆಂಚಿನ ಹುಡುಗಿಯ ಹೇನಿನವರೆಗೆ ಎಲ್ಲ ವಾರ್ತೆ ಓದುತ್ತಿದ್ದಳು. ನಾನು ಕೆಲಸ ಮಾಡುತ್ತ ಕೇಳುತ್ತಿದ್ದೆ. ನಮ್ಮ ಕಸುಬಿನವರದು ಒಂದು ಅಭ್ಯಾಸ. ಒಂದು ಕೈ ಬಟ್ಟೆಯನ್ನು ಬಿಗಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ತುದಿಗೆ ಅಯಸ್ಕಾಂತವಿರುವ ಸುತ್ತಿಗೆ. ಹಾಗಾಗಿ ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದೇ ತುಟಿಗೆ ತಳ್ಳಿ, ಸುತ್ತಿಗೆಗೆ ಕಚ್ಚಿಸಿ ಹೊಡೆಯುತ್ತೇವೆ. ಮೊಳೆಗೆ ಬಾಯಿಯೇ ಡಬ್ಬಿ.

ಅವಳಿಗೆ ಹದಿನಾರು ನಡೆಯುತ್ತಿದ್ದಾಗ ನಾನು ಪಿನ್ನು ಹೊಡೆಯುವ ಗಾಳಿ ಗನ್ನು ಕೊಂಡೆ. ಟಕ್ ಟಕ್ ಟಕ್, ಒಂದು ದಿನದ ಕೆಲಸ ಎರಡು ಗಂಟೆಗೆ ಮುಗಿಯತೊಡಗಿತು. ಬಾಯಿಯೂ ಖಾಲಿಯಾಯಿತು. ಆಗ ಇದು ಲಾಭವೆಂದುಕೊಂಡಿದ್ದೆ.

ರೇಡಿಯೋ ನಿಂತದ್ದು ಒಂದೇ ದಿನದಲ್ಲಲ್ಲ. ಮೊದಲು ಅಂಗಡಿಗೆ ಬರುವುದು ಬಿಟ್ಟಳು. ಆಮೇಲೆ ಊಟದ ಹೊತ್ತಿನ ಮಾತು ಬಿಟ್ಟಳು. ಹದಿನೆಂಟಕ್ಕೆ ರಕ್ತಪರೀಕ್ಷೆಯ ಕೋರ್ಸಿಗೆ ಸೇರಿ, ಕೊನೆಗೆ ಅದನ್ನೂ ಬಿಟ್ಟು ಕೂತಳು. ಬೆಳಗಾದರೆ ಹೊಟ್ಟೆನೋವು. ಇನ್ನೊಂದು ತಿಂಗಳೊಳಗೆ ಬರದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಕಾಲೇಜಿನಿಂದ ಕಾಗದ ಬಂತು. ಡಾಕ್ಟರು ಅವಳ ಹೊಟ್ಟೆಯನ್ನು ಎಲ್ಲ ಮಗ್ಗುಲಿಂದಲೂ ಫೋಟೋ ತೆಗೆಸಿ ನೋಡಿ, "ಹೊಟ್ಟೆ ಚೆನ್ನಾಗಿದೆ. ಇವರ ಹತ್ರ ಒಂದಷ್ಟು ದಿನ ಮಾತಾಡ್ಲಿ," ಎಂದು ಕೌನ್ಸೆಲರ್ ವಿಳಾಸ ಬರೆದುಕೊಟ್ಟರು.

ನಾನು ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. "ಮಾತಾಡೋಕೆ ಹೊರಗಿನವರು ಬೇಕಾ? ನಾನೇನು ಸತ್ತಿದ್ದೀನಾ? ಮಾತಾಡೇ, ನನ್ನ ಹತ್ರ ಮಾತಾಡು!" ಎಂದು ಮೇಜು ಗುದ್ದಿದೆ. ಮಗಳು ನೀರಿನ ಲೋಟವನ್ನೇ ನೋಡುತ್ತ ಕೂತಳು.

"ನೋಡಿ, ಲೋಟಾನೂ ನಡುಗ್ತಿದೆ," ಎಂದಳು ನನ್ನ ಹೆಂಡತಿ. "ಅವಳು ಹೋಗ್ತಾಳೆ ರೀ. ನೀವು ಗಾಡೀಲಿ ಬಿಟ್ಟು, ಬಾಯಿ ಮುಚ್ಕೊಂಡು ಕರ್ಕೊಂಡ್ಬನ್ನಿ. ಅಷ್ಟೇ ನಿಮ್ ಕೆಲ್ಸ."

ಹೀಗೆ ನಾನು ಆ ಸ್ಟೂಲಿನ ಮೇಲೆ ಕೂತದ್ದು. ಮೊದಲ ವಾರ ಒಳಗಿನಿಂದ ಮೇಡಂ ಮೆಲ್ಲಗೆ ಏನೋ ಕೇಳುವುದು, ಅದಕ್ಕೆ ಉತ್ತರವಾಗಿ ಒಂದೇ ಸದ್ದು, ಕಿರ್ರ್. ಮಗಳು ಕೂತ ಕುರ್ಚಿಯದು. ಸೀಟಿನ ಅಡಿಯ ಪಟ್ಟಿ ಜೋತುಬಿದ್ದಿದೆ, ಎಡಗಡೆಯ ಸ್ಪ್ರಿಂಗು ಮರಕ್ಕೆ ಉಜ್ಜುತ್ತಿದೆ ಎಂದು ಗೋಡೆಯಾಚೆ ಕೂತೇ ಹೇಳಬಲ್ಲವನಾಗಿದ್ದೆ. ಅವಳ ಮಾತು ಮಾತ್ರ ಒಂದೂ ಇಲ್ಲ.

"ಏನಂದ್ರು?" ಎಂದು ದಾರಿಯಲ್ಲಿ ಕೇಳಿದೆ.

"ಏನಿಲ್ಲ."

"ನೀನೇನಂದೆ?"

"ಏನಿಲ್ಲ."

"ಒಂದು ಗಂಟೆ ಇಬ್ರೂ ಏನಿಲ್ಲ ಏನಿಲ್ಲ ಅಂದ್ಕೊಂಡು ಕೂತಿದ್ರಾ?"

"ಹ್ಞೂಂ."

ಎರಡನೇ ವಾರವೂ ಬರೀ ಕಿರ್ರ್. ತಡೆಯಲಾರದೆ ಮೇಡಂಗೆ ಅಡ್ಡ ನಿಂತೆ. "ಏನಾಗಿದೆ ಇವಳಿಗೆ? ಏನು ಹೇಳ್ತಾಳೆ?"

"ಅವಳು ಹೇಳಿದ್ದು ಅವಳದ್ದು ಸರ್."

"ಅಂದ್ರೆ ಹೇಳಿದ್ದಾಳಾ?"

"ಅದೂ ಅವಳದ್ದೇ."

ಮೈ ಪರಚಿಕೊಳ್ಳುವಂತಾಯಿತು. ಹಾಸಿಗೆಯಲ್ಲಿ ಹೊರಳಾಡಿ ನಾನೇ ಕಾರಣ ಕಂಡುಹಿಡಿದೆ. ತಪ್ಪೆಲ್ಲ ಆ ಕುರ್ಚಿಯದು. ಅಡಿಯಿಂದ ಸ್ಪ್ರಿಂಗು ತಿವಿಯುತ್ತಿದ್ದರೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ಕುರ್ಚಿ ಸರಿಯಾದರೆ ಹುಡುಗಿ ಸರಿಯಾಗುತ್ತಾಳೆ. ದೇವರಾಣೆ, ಹಾಗೇ ನಂಬಿದ್ದೆ.

ಮೂರನೇ ವಾರ ಅರ್ಧ ಗಂಟೆ ಮುಂಚೆಯೇ ಹೋದೆವು. ಮೇಡಂ ಇನ್ನೂ ಬಂದಿರಲಿಲ್ಲ. ನೆಲ ಒರೆಸಲೆಂದು ಬಾಗಿಲು ತೆರೆದಿಟ್ಟಿದ್ದರು. ಯಾರನ್ನೂ ಕೇಳದೆ ಕುರ್ಚಿಯನ್ನು ಹೊರಗೆ ಹೊತ್ತು ತಂದು, ಬುಡಮೇಲು ಮಾಡಿ, ಹಳೇ ಬಟ್ಟೆ ಕಿತ್ತೆ. ಗಾಳಿ ಗನ್ನಿಗೆ ಗಾಳಿ ತುಂಬುವ ದೊಡ್ಡ ಯಂತ್ರ ಬೇಕು, ಅದು ಅಂಗಡಿಯಲ್ಲಿತ್ತು. ನಾನು ತಂದಿದ್ದು ಹಳೇ ಚೀಲ, ಹಳೇ ಸುತ್ತಿಗೆ, ಒಂದು ಪೊಟ್ಟಣ ಮೊಳೆ. ಎರಡು ವರ್ಷದ ಮೇಲೆ ಮೊಳೆ ಬಾಯಿಗೆ ಹಾಕಿದೆ. ಮಗಳು ನನ್ನ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

"ಅಪ್ಪ, ಈ ಸ್ಟೂಲು ನಿಜವಾಗ್ಲೂ ಕುಂಟು."

"ಹ್ಞೂಂ," ಎಂದೆ. ಅಷ್ಟೇ ಆಗುತ್ತಿತ್ತು.

"ಬೇಕು ಅಂತ್ಲೇ ಇಟ್ಟಿರ್ಬೇಕು. ನೀನು ಎದ್ದು ಹೋಗ್ಲಿ ಅಂತ."

"ಹ್ಞೂಂ."

ನಾಲ್ಕು ಮೊಳೆ ಹೊಡೆದೆ. ಆಮೇಲೆ ಅವಳು ನೆಲ ನೋಡುತ್ತ ಶುರುಮಾಡಿದಳು.

"ಲ್ಯಾಬಲ್ಲಿ ಒಂದು ಟ್ರೇ ಬೀಳಿಸ್ದೆ ಅಪ್ಪ. ಅರವತ್ತು ಗಾಜಿನ ಟ್ಯೂಬು."

ಅರವತ್ತು! ಎದೆಯಿಂದ ಗುಡುಗು ಎದ್ದು ಬಂತು. ಬಾಯಿಯಲ್ಲಿ ಮೊಳೆ. ಹೊರಗೆ ಬಂದದ್ದು "ಹ್ಹೂಂ" ಮಾತ್ರ, ನಾಲಿಗೆಗೆ ಎರಡು ಕಡೆ ಚುಚ್ಚಿತು.

"ಮೇಷ್ಟ್ರು ಕೂಗಿದ್ರು. ತುಂಬ ಏನಲ್ಲ, ನಿನ್ನ ಮುಂದೆ ಅವ್ರು ಸೊಳ್ಳೆ. ಆದ್ರೆ ಯಾರು ದನಿ ಎತ್ತಿದ್ರೂ ನಂಗೆ ಕೈ ನಡುಗುತ್ತೆ. ಮನೇಲಿ ಶುರುವಾಗಿದ್ದು, ಅಲ್ಲಿಗೂ ಬಂತು. ರಕ್ತ ತೆಗೆಯೋ ಕೆಲ್ಸ ಅದು. ನಡುಗೋ ಕೈಲಿ ಯಾರ ತೋಳಿಗೆ ಸೂಜಿ ಚುಚ್ಲಿ?"

ನಾನು ಮೊಳೆ ಹೊಡೆದೆ. ಇನ್ನೇನು ಮಾಡಲಿ?

"ನಿಂಗೆ ಹೇಳೋಣ ಅಂದ್ರೆ, ಗನ್ನು ಬಂದ್ಮೇಲೆ ನಿನ್ನ ಬಾಯಿ ಯಾವಾಗ್ಲೂ ಖಾಲಿ. ನಾನು ಅರ್ಧ ಹೇಳೋಷ್ಟ್ರಲ್ಲಿ ನೀನು ಪೂರ್ತಿ ಬೈದು ಮುಗ್ಸಿರ್ತೀಯ. ಮುಂಚೆ ಆದ್ರೆ ಒಂದು ಹಿಡಿ ಮೊಳೆ ಮುಗಿಯೋದ್ರೊಳಗೆ ಎಲ್ಲ ಹೇಳಿ ಮನೆಗೆ ಓಡ್ತಿದ್ದೆ."

ಅಷ್ಟು ವರ್ಷ ನಾನು ಬೇರೆಯೇ ಅಂದುಕೊಂಡಿದ್ದೆ. ಮಗಳಿಗೆ ಅಪ್ಪನೆಂದರೆ ಪ್ರಾಣ, ಅದಕ್ಕೇ ಅಂಗಡಿಗೆ ಬರುತ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವಳು ನನ್ನ ತುಟಿಯ ಮೇಲಿನ ಮೊಳೆ ಎಣಿಸುತ್ತಿದ್ದಳು.

ಬಾಯಿಯಲ್ಲಿ ಎರಡು ಮೊಳೆ ಉಳಿದವು. ಸೀಟು ಮುಗಿದಿತ್ತು. ಅವಳು ಮಾತು ನಿಲ್ಲಿಸಿ ನನ್ನ ಬಾಯಿ ನೋಡಿದಳು. ನಾನು ಪೊಟ್ಟಣಕ್ಕೆ ಕೈ ಹಾಕಿ ಇನ್ನೊಂದು ಹಿಡಿ ತುಂಬಿಕೊಂಡೆ. ಆ ಸೀಟಿಗೆ ನಲವತ್ತು ಮೊಳೆ ಧಾರಾಳ. ನಾನು ಹೊಡೆದದ್ದು ನೂರಕ್ಕೂ ಮೇಲೆ.

ತಲೆ ಎತ್ತಿದಾಗ ಮೇಡಂ ಮೆಟ್ಟಿಲ ಮೇಲೆ ಸದ್ದಿಲ್ಲದೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಬಂದು ಕುರ್ಚಿಯಲ್ಲಿ ಕೂತು, ಎಡಕ್ಕೆ ಬಲಕ್ಕೆ ಅಲುಗಿ, ಮುಖ ಸಣ್ಣದು ಮಾಡಿಕೊಂಡರು.

"ಸದ್ದೇ ಇಲ್ವಲ್ಲ ಸರ್! ಇವಳು ಯಾವ ಮಾತಿಗೆ ಅಲುಗ್ತಾಳೆ ಅಂತ ಎರಡು ವಾರದಿಂದ ಈ ಕಿರ್ರ್ ಕೇಳ್ಕೊಂಡೇ ತಿಳ್ಕೊಳ್ತಿದ್ದೆ. ಈಗೇನ್ ಮಾಡ್ಲಿ?"

"ಇವತ್ತಿಂದ ಬಾಯಲ್ಲೇ ಹೇಳ್ತೀನಿ ಮೇಡಂ," ಎಂದಳು ರೇಡಿಯೋ. ಕುರ್ಚಿಯನ್ನು ಒಳಗೆ ಎಳೆದುಕೊಂಡು ಹೋಗಿ, ಈ ಸಲ ನನ್ನ ಮುಖದ ಮೇಲೆ ಬಾಗಿಲು ಹಾಕಿದವಳು ಅವಳೇ.

ಕಾಗದದ ಗಡುವಿಗೆ ನಾಲ್ಕು ದಿನ ಇದ್ದಾಗ ಕಾಲೇಜಿಗೆ ಹೋದಳು. ಕೈ ನಡುಕ ನಿಲ್ಲಲು ತಿಂಗಳುಗಳೇ ಹಿಡಿದವು. ಮೇಡಂ ಹತ್ತಿರ ಒಂದು ವರ್ಷ ಹೋದಳು. ಈಗ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾಳೆ. ಸೂಜಿ ಹೋದದ್ದೇ ಗೊತ್ತಾಗುವುದಿಲ್ಲವೆಂದು ಜನ ಹೇಳುತ್ತಾರೆ. ಗೊತ್ತಾಗುವುದಾದರೂ ಹೇಗೆ, ಅವಳ ಬಾಯಿ ಬಿಡುವು ಕೊಟ್ಟರೆ ತಾನೇ? ಸಂಜೆ ಅಂಗಡಿಗೆ ಬಂದರೆ ಮೊದಲು ಗನ್ನಿನ ಯಂತ್ರದ ಸ್ವಿಚ್ಚು ಆರಿಸುತ್ತಾಳೆ, ಆಮೇಲೆ ಮೊಳೆಯ ಡಬ್ಬಿ ನನ್ನ ಮುಂದೆ ನೂಕುತ್ತಾಳೆ. ನನ್ನ ಸಿಟ್ಟು ಹೋಗಿಲ್ಲ. ಹೋಯಿತೆಂದು ಯಾರಾದರೂ ಅಂದರೆ ಅವರ ಮೇಲೇ ರೇಗುತ್ತೇನೆ.

ಕುರ್ಚಿಯ ಕೆಲಸಕ್ಕೆ ನಾನು ದುಡ್ಡು ಮುಟ್ಟಲಿಲ್ಲ. "ಹಾಗಾದ್ರೆ ನಾನು ನಿಮಗೆ ಒಂದು ಗಂಟೆ ಬಾಕಿ ಸರ್. ನೀವೇ ಬಂದು ಈ ಕುರ್ಚೀಲಿ ಕೂತ್ಕೊಳ್ಳಿ," ಎಂದರು ಮೇಡಂ.

"ನಂಗೇನಾಗಿದೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

"ಹ್ಞೂಂ," ಎಂದರು ಅವರು.

ನಾಲ್ಕು ವರ್ಷವಾಯಿತು. ಮಗಳನ್ನು ಕಂಡಾಗಲೆಲ್ಲ "ನಿಮ್ಮಪ್ಪಂದು ಒಂದು ಗಂಟೆ ಇದೆ" ಎಂದು ಹೇಳಿ ಕಳಿಸುತ್ತಾರೆ. ಒಂದು ಸಲ ಆ ಮೆಟ್ಟಿಲು ಹತ್ತಿಯೂ ಹತ್ತಿದ್ದೆ. ಬಾಗಿಲಾಚೆ ಅದೇ ಕುಂಟು ಸ್ಟೂಲು ಕಂಡಿತು. ನೆತ್ತಿಗೆ ಸಿಟ್ಟೇರಿ ವಾಪಸು ಬಂದುಬಿಟ್ಟೆ. ಆ ಗಂಟೆ ಹಾಗೇ ಬಾಕಿ ಇದೆ.