ನವಿಲಿನ ಕೊರಳಲ್ಲಿ ಬಸ್ಸಿನ ಹಾರ್ನ್

ಮಾನ್ವಿ ಬಸ್ಸಿಗೆ ಇನ್ನೂ ಹೊತ್ತಿತ್ತು. ರಾಯಚೂರಿನ ಪ್ರಾಚ್ಯವಸ್ತು ಸಂಗ್ರಹಾಲಯದೊಳಗೆ ಹೋದೆ. ವೀರಗಲ್ಲುಗಳ ನಡುವೆ ಗುಜರಿ ಬಸ್ಸಿನ ತಗಡಿನಿಂದ ಈಗಿನ ಕಲಾವಿದರೊಬ್ಬರು ಮಾಡಿದ ಆಳೆತ್ತರದ ನವಿಲು ನಿಂತಿತ್ತು. ಅದರ ಕೊರಳಿಗೆ ಹಳೆಯ ಹಿತ್ತಾಳೆ ಹಾರ್ನ್, ಒತ್ತುವ ರಬ್ಬರ್ ಬುಗ್ಗೆ ಸಮೇತ.

ಸಿರವಾರದಿಂದ ಬಂದಿದ್ದ ಒಬ್ಬ ಅಜ್ಜ, ಅವನ ಹೆಂಡತಿ ಅಜ್ಜಿ ಅದನ್ನೇ ನೋಡುತ್ತಿದ್ದರು. ಅಜ್ಜ ಒಂದು ಕಾಲಕ್ಕೆ ದೇವದುರ್ಗದ ಬಸ್ಸಿನ ಡ್ರೈವರ್ ಆಗಿದ್ದನಂತೆ.

"ಊರ ಹೊರಗ ಇವರು ಇಂಥಾ ಹಾರ್ನ್ ಹೊಡದ್ರಂದ್ರ ನಾ ಹಂಚಿನ ಮ್ಯಾಲೆ ರೊಟ್ಟಿ ಹಾಕ್ತಿದ್ದೆ," ಎಂದು ಅಜ್ಜಿ ನನಗೆ ಹೇಳಿದಳು. "ಲಗ್ನ ಆದ ಹೊಸದು. ಅತ್ತಿ ಮುಂದ ಬಾಗಲಿಗೆ ಹೋಗಾಕ ನಾಚಿಕಿ."

ಆಮೇಲೆ ಕಾವಲುಗಾರನ ಕಡೆ ತಿರುಗಿದಳು. "ಒಮ್ಮೆ ಒತ್ತಲೇನಪ್ಪಾ?"

"ಮುಟ್ಟಂಗಿಲ್ಲ ಯವ್ವಾ," ಎಂದ ಅವನು ಆಕೆಯ ಮುಖ ನೋಡಿ ಮೆತ್ತಗಾದ. "ಒಂದ ಸರ್ತಿ ಒತ್ರಿ, ಮೆಲ್ಲಕ."

ಎರಡೂ ಕೈಯಿಂದ ಒತ್ತಿದಳು. ಬಿರುಕುಬಿಟ್ಟ ರಬ್ಬರಿನಿಂದ ಬುಸ್ಸೆಂದು ಗಾಳಿ ಬಂತು, ಅಷ್ಟೇ. ಅಜ್ಜಿಯ ಮುಖ ಬಾಡಿತು.

ಅಜ್ಜ ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿದು "ಪೊಂಯ್... ಪೊಂಯ್!" ಎಂದು ಕೂಗಿಯೇಬಿಟ್ಟ. ಕಲ್ಲುಗಳ ನಡುವೆ ಸದ್ದು ಮೊಳಗಿತು. ಕಾವಲುಗಾರ ನಕ್ಕ, ನಾನೂ ನಕ್ಕೆ. ಗಂಡ ಪಕ್ಕದಲ್ಲೇ ನಿಂತಿದ್ದರೂ ಅಜ್ಜಿ ಮಾತ್ರ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಕಡೆ ನೋಡಿದಳು.