ಮುರಿಗೆವ್ವನ ಮನೆಯ ತಗಡು

ನಾನು ಶಾಂತಪ್ಪ. ವಿಜಯಪುರದ ಸ್ಟೇಶನ್ ರಸ್ತೆಯಲ್ಲಿ ಹದಿನೇಳು ವರ್ಷಗಳಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ. ನನ್ನ ಸಿಟ್ಟು ಊರಿಗೇ ಗೊತ್ತು. ಸಿಗ್ನಲ್ಲಿನಲ್ಲಿ ಬಿಳಿ ಗೆರೆ ದಾಟಿ ನಿಂತವನು ನನ್ನ ಶಿಷ್ಯನಲ್ಲದಿದ್ದರೂ ಕಿಟಕಿಯಿಂದಲೇ ಅವನಿಗೆ ಮಂಗಳಾರತಿ ಮಾಡುತ್ತೇನೆ. ಅಂಥ ನನ್ನ ಬಾಯಿ ಮುಚ್ಚಿಸಿದವಳು ಒಬ್ಬಳೇ, ಜೈನಾಪುರದ ಮುರಿಗೆವ್ವ. ಅವಳ ಸುದ್ದಿ ಹೇಳಲೇಬೇಕು. ಹೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಮುರಿಗೆವ್ವ ಹುಟ್ಟಿದ್ದು ಕಳ್ಳಕವಟಗಿಯಲ್ಲಿ. ಐದನೆಯ ಇಯತ್ತೆಗೆ ಸಾಲಿ ಬಿಟ್ಟಳು, ಹದಿನೆಂಟಕ್ಕೆ ಜೈನಾಪುರಕ್ಕೆ ಸೊಸೆಯಾಗಿ ಬಂದಳು. ಈಗ ನಲವತ್ತಾರು. ಗಂಡ ಗುರುಪಾದಯ್ಯ ಹೊಲದ ಬದನೆ, ಮೆಣಸಿನಕಾಯಿ ಟೆಂಪೋದಲ್ಲಿ ಹೇರಿಕೊಂಡು ವಿಜಯಪುರದ ಮಾರ್ಕೆಟ್ಟಿಗೆ ತರುತ್ತಿದ್ದ. ಹೋದ ವರ್ಷ ಅವನ ಮೊಣಕಾಲು ಕೈಕೊಟ್ಟವು, ಕ್ಲಚ್ ತುಳಿಯುವುದು ಆಗದಾಯಿತು. ಟೆಂಪೋ ಅಂಗಳದಲ್ಲಿ ನಿಂತಿತು, ಬದನೆ ಗಿಡದಲ್ಲೇ ಬಲಿಯತೊಡಗಿತು. ಬಾಡಿಗೆ ಡ್ರೈವರ್ ಎರಡು ದಿನ ಬಂದವನು ಮೂರನೆಯ ದಿನ ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ ಮುರಿಗೆವ್ವ ಮೊದಲ ಬಸ್ಸಿಗೆ ಬಂದು ನನ್ನ ಬಾಗಿಲಲ್ಲಿ ನಿಂತಿದ್ದಳು.

"ಮಾಸ್ತರ, ನನಗ ಗಾಡಿ ಕಲಸ್ರಿ. ಹೊಲದಾಗ ಟ್ರ್ಯಾಕ್ಟರ್ ಹೊಡದೇನಿ. ರಸ್ತಾದ್ದು ಮಾತ್ರ ನನಗ ಏನೂ ತಿಳ್ಯಾಂಗಿಲ್ಲ."

ಅಂದದ್ದು ನಿಜ. ಸ್ಟೇರಿಂಗ್ ಹಿಡಿದರೆ ಗಂಡಸರು ನಾಚಬೇಕು, ಹಾಗೆ ಹೊಡೆಯುತ್ತಿದ್ದಳು. ಆದರೆ ಗಾಂಧಿ ಚೌಕಿನಲ್ಲಿ ಕೆಂಪು ದೀಪ ಹತ್ತಿದಾಗ ಆ ಕಡೆ ಈ ಕಡೆ ನೋಡಿ, "ಯಾರೂ ಬರಾಕತ್ತಿಲ್ಲಲ್ರಿ, ಯಾಕ ನಿಂದರಬೇಕು?" ಎಂದಳು.

"ದೀಪ ನಿಮ್ಮನ್ನ ಕೇಳಿ ಹತ್ತೂದಿಲ್ಲ ಅಕ್ಕಾರ. ನಿಂದರಸ್ರಿ."

ರಸ್ತೆ ನಡುವಿನ ತುಂಡು ಗೆರೆಯನ್ನು ಅವಳು ಬಣ್ಣ ಸಾಲದೆ ಬಿಟ್ಟ ಕೆಲಸ ಎಂದುಕೊಂಡಿದ್ದಳು. ತುಂಡು ಗೆರೆಯಾದರೆ ನೋಡಿಕೊಂಡು ಮುಂದಿನ ಗಾಡಿಯನ್ನು ದಾಟಬಹುದು, ಅಖಂಡ ಗೆರೆಯಾದರೆ ದಾಟಕೂಡದು ಎಂದು ತಿಳಿಸಿ ಹೇಳಿದೆ. ಅಂಚಿನ ಬಿಳಿ ಗೆರೆ ಯಾಕೆ ಎಂದು ಕೇಳಿದಾಗ ಅವಳು ಕೊಟ್ಟ ಉತ್ತರಕ್ಕೆ ಹಣೆ ಚಚ್ಚಿಕೊಂಡೆ.

"ಅದು ನಮಗ ರಾಶಿ ಹಾಕಾಕ ಅಂತ ತಿಳದಿದ್ದೆ ನೋಡ್ರಿ. ಅದನ್ನ ದಾಟಿ ಹುರಳಿ ಹರವಬಾರದು ಅಂತ."

ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ ಕಿತ್ತು ತಂದು ಡಾಂಬರಿನ ಮೇಲೆ ಹರವುತ್ತಾರೆ, ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿ ಹೋಗುತ್ತವೆ. ಎಷ್ಟು ಬೈದರೂ ಯಾರೂ ಬಿಟ್ಟಿಲ್ಲ.

ಲೈಸೆನ್ಸಿನ ಪರೀಕ್ಷೆಗೆ ನಾಲ್ಕು ದಿನ ಇತ್ತು. ಎಂಟು ಜನರನ್ನು ಕೂಡಿಸಿ ಗೋಡೆಯ ಚಾರ್ಟ್ ಮುಂದೆ ಪಾಠ ಶುರು ಮಾಡಿದೆ. ದುಂಡಗಿನ ಬೋರ್ಡು ಅಂದರೆ ಹುಕುಂ, ಮೀರಿದರೆ ದಂಡ. ಮೂರು ಮೂಲೆಯದು ಎಚ್ಚರಿಕೆ, ಮೀರಿದರೆ ಜೀವ. ಚೌಕದ್ದು ಮಾಹಿತಿ, ದವಾಖಾನೆ ಎಲ್ಲಿದೆ, ಪೆಟ್ರೋಲ್ ಎಲ್ಲಿದೆ ಅಂತ. ಬರೀ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲವೆಂದು ಒಂದೊಂದು ಬೋರ್ಡಿಗೂ ಒಂದೊಂದು ನಡೆದ ಕಥೆ ಇಟ್ಟಿದ್ದೇನೆ. ತಿರುವಿನ ಬೋರ್ಡಿಗೆ ಇಟ್ಟದ್ದು ನಂದಕಿಶೋರನ ಕಥೆ.

ನಂದಕಿಶೋರ ನನ್ನ ಶಿಷ್ಯನೇ. ಬ್ಯಾಂಕಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿ ಬಬಲೇಶ್ವರಕ್ಕೆ ಬೈಕಿನಲ್ಲಿ ಓಡಾಡುತ್ತಿದ್ದ. ಈ ಪಾಠಕ್ಕೂ ಎರಡು ವರ್ಷ ಮೊದಲು, ಶಿವರಾತ್ರಿಯ ಹಿಂದಿನ ದಿನ ಹೊತ್ತು ಮುಳುಗುವಾಗ, ಯಾವುದೋ ಕೆಲಸಕ್ಕೆ ಜೈನಾಪುರದ ದಾರಿ ಹಿಡಿದವನು ಬಲ ತಿರುವಿನಲ್ಲಿ ನೆಟ್ಟಗೆ ಹೋಗಿ ಹೊಲದ ಒಡ್ಡಿಗೆ ಗುದ್ದಿದ. ಕಾಲು ಮೂರು ಕಡೆ ಮುರಿಯಿತು, ತಲೆಗೆ ಪೆಟ್ಟಾಯಿತು. ದವಾಖಾನೆಯಲ್ಲಿ ನನ್ನ ಕೈ ಹಿಡಿದು, "ಸರ್, ರಸ್ತಾದಾಗ ಬೋರ್ಡ್ ಇರಲಿಲ್ಲ. ಬೋರ್ಡ್ ನೀರಿನ ಬ್ಯಾರಲ್ ಹತ್ರ ಇತ್ತು" ಎಂದಿದ್ದ. ಆ ಬೋರ್ಡನ್ನು ನಾನು ನೂರು ಸಲ ಆ ತಿರುವಿನಲ್ಲಿ ನೋಡಿದವನು. ಅವನ ತಾಯಿ ಸರಸ್ವತೀಬಾಯಿಯವರನ್ನು ಹೊರಗೆ ಕರೆದು ಹೇಳಿದೆ, ಬೋರ್ಡ್ ತಿರುವಿನಲ್ಲೇ ಇದೆ, ಹುಡುಗನ ತಲೆ ಸರಿಯಿಲ್ಲ, ಇನ್ನು ಗಾಡಿ ಕೊಡಬೇಡಿರಿ ಅಂತ. ಅವರು ಬೈಕ್ ಮಾರಿ, ಲೈಸೆನ್ಸ್ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಅವನೂ ಆ ದಾರಿಗೆ ಮತ್ತೆ ಹೋಗಲಿಲ್ಲ.

ಆ ಕಥೆಯನ್ನು ಹೆಸರು ಬಿಟ್ಟು ಹೇಳಿ, ಚಾರ್ಟಿಗೆ ಕೋಲು ಬಡಿದು, "ಜೈನಾಪುರದ ತಿರುವಿನಲ್ಲಿ ಇಂಥದೇ ಬೋರ್ಡ್ ಇತ್ತು, ಅವ ಕಣ್ಣು ಮುಚ್ಚಿಕೊಂಡು ಹೋದ" ಎಂದು ಮುಗಿಸಿದೆ.

ಮುರಿಗೆವ್ವ ಎದ್ದು ಚಾರ್ಟಿನ ಹತ್ತಿರ ಬಂದಳು. ಕೆಂಪು ಅಂಚು, ಬಾಗಿದ ಕರಿ ಬಾಣ. ಬೆರಳಿಟ್ಟು ನೋಡಿದಳು.

"ಈ ತಗಡು ನಮ್ಮ ಹೊಲದ ಮನ್ಯಾಗ ಐತ್ರಿ" ಎಂದಳು.

ಹಿಂದೆ ಕೂತವರು ನಕ್ಕರು. ನಾನೂ ನಗಬೇಕೆಂದಿದ್ದೆ, ಅವಳ ಮುಖ ನೋಡಿ ಸುಮ್ಮನಾದೆ. ರಕ್ತವೇ ಇಲ್ಲದ ಹಾಗೆ ಬಿಳಿಚಿತ್ತು. ಉಳಿದವರನ್ನು ಕಳಿಸಿ ಅವಳನ್ನು ಕೂಡಿಸಿದೆ. ನೀರು ಕೊಟ್ಟರೆ ತಂಬಿಗೆ ಕೈಯಲ್ಲೇ ಹಿಡಿದು ಕೂತಳು.

"ಆ ವರ್ಷ ಸಂಕ್ರಾಂತಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಬಡದು ನಮ್ಮ ಹೊಲದ ಮನಿ ಮುಂದಿನ ತಿರುವಿನಾಗ ಈ ತಗಡಿನ ಕಂಬ ವಾಲಿತ್ರಿ. ನಾವು ಅಲ್ಲೇ ಹುರಳಿ ಹಾಕಿದ್ವಿ. ಕಾಳು ಬಳ್ಯಾಕ ಒಂದು ತಗಡು ಬೇಕಾಗಿತ್ತು. ಪಾನಾ ತಂದು ಬೋಲ್ಟ್ ಬಿಚ್ಚಿದಾಕಿ ನಾನ. ರಾಶಿ ಮುಗದ ಮ್ಯಾಲೆ ನೀರಿನ ಬ್ಯಾರಲ್ಲಿಗೆ ಮುಚ್ಚಳಾ ಮಾಡೇನಿ, ಬಣ್ಣದ ಮಗ್ಗಲಾ ಕೆಳಗ ಹಾಕಿ."

ನೀರಿನ ಬ್ಯಾರಲ್ ಎಂದದ್ದೇ ನನಗೆ ನಂದಕಿಶೋರನ ಮಾತು ನೆನಪಾಯಿತು.

"ಶಿವರಾತ್ರಿ ಹಿಂದಿನ ದಿನ ಒಬ್ಬ ಹುಡುಗ ಬಿದ್ದ. ಓಡಿ ಹೋಗಿ ಬಾಯಿಗೆ ನೀರ ಹಾಕಿದಾಕೀನೂ ನಾನ ಮಾಸ್ತರ. ಆ ತಗಡು ತಗದು ಬ್ಯಾರಲ್ಲಿಗೆ ಆನಿಸಿ ಇಟ್ಟು ನೀರ ತುಂಬೇನಿ. ಅವ ಅಲ್ಲೇ ಮಲಗಿ ಅದರ ಕಡೆ ಕೈ ಮಾಡಾಕತ್ತಿದ್ದ. ನೀರ ಇನ್ನಷ್ಟು ಬೇಕೇನೋ ಅಂತ ಮತ್ತ ಕುಡಿಸಿದೆ."

ಎರಡು ವರ್ಷ ನೂರಾರು ಮಂದಿಯ ಮುಂದೆ ಅವನನ್ನು ಕುರುಡನೆಂದು ಬೈದಿದ್ದೆ. ನನ್ನ ಮೊದಲ ಯೋಚನೆ ಏನೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಇದು ಹೊರಗೆ ಬಂದರೆ ನನ್ನ ಮರ್ಯಾದೆ ಏನಾದೀತು ಅಂತ.

"ಅಕ್ಕಾರ, ಈಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ರಸ್ತಾದ ಬೋರ್ಡ್ ಕಿತ್ತದ್ದು ಗುನ್ಹೆ. ಕೇಸ್ ಆದ್ರ ನಿಮ್ಮ ಲೈಸೆನ್ಸಿನ ಗತಿ ಏನು? ಟೆಂಪೋ ಅಂಗಳದಾಗ ನಿಂತೈತಿ, ಮೊದಲ ಪರೀಕ್ಷಾ ಮುಗೀಲಿ."

ಅವಳು ತಂಬಿಗೆ ಕೆಳಗಿಟ್ಟಳು. "ಟೆಂಪೋ ನಿಂದರ್ಲಿ ಬಿಡ್ರಿ. ಆ ಹುಡುಗ ಇದ್ದಾನೇನು?"

"ಇದ್ದಾನ. ಇಲ್ಲೇ ವಿಜಯಪುರದಾಗ."

"ಹಂಗಾದ್ರ ತಗಡು ತರ್ತೇನಿ. ನಾಳೆ ಅವನ ಮನಿ ತೋರಸ್ರಿ."

ಮರುದಿನ ಬೆಳಿಗ್ಗೆ ಗೋಣಿಚೀಲದಲ್ಲಿ ಸುತ್ತಿದ ತಗಡನ್ನು ಬಗಲಲ್ಲಿ ಹಿಡಿದು ಬಸ್ಸಿನಿಂದ ಇಳಿದಳು. ನಂದಕಿಶೋರನ ಮನೆಗೆ ನಡೆದು ಹೋದೆವು.

ಸರಸ್ವತೀಬಾಯಿಯವರು ಬಾಗಿಲು ತೆರೆದು, "ಬರ್ರಿ ಮಾಸ್ತರ" ಎಂದು ಎಂದಿನ ಮರ್ಯಾದೆಯಿಂದಲೇ ಕರೆದು ಕೂಡಿಸಿದರು. ಒಳಗಿನಿಂದ ನಂದಕಿಶೋರ ಒಂದು ಕಾಲು ಎಳೆಯುತ್ತ ಬಂದ. ಮುರಿಗೆವ್ವ ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಚೀಲ ಬಿಚ್ಚಿ, ತಗಡನ್ನು ಬಣ್ಣದ ಮಗ್ಗುಲು ಮೇಲೆ ಮಾಡಿ ಇಟ್ಟಳು.

ಅವನು ಬಗ್ಗಿ, ತುಕ್ಕು ಹಿಡಿದ ಮೂಲೆ ಮುಟ್ಟಿದ. ಆಮೇಲೆ ಅವಳ ಮುಖ ನೋಡಿದ.

"ಇದ. ಇದರಿಂದ ನೀರ ತೊಟ್ಟಿಕ್ಕಲಿಕ್ಕತ್ತಿತ್ತು" ಎಂದ.

"ಹೌದು ನನ ಯಪ್ಪಾ. ಕಂಬದಿಂದ ಬಿಚ್ಚಿಕೊಂಡು ಹೋದಾಕಿ ನಾನ. ಅದರ ಅರ್ಥ ಏನಂತ ನಿನ್ನೆ ತಿಳೀತು. ಪೊಲೀಸರಿಗೆ ಹೇಳ್ತಿದ್ರ ಹೇಳು, ನಾನ ಬಂದು ನಿಂದರ್ತೇನಿ."

ಅವನು ಪೊಲೀಸರ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತಾಯಿಯ ಕಡೆ ತಿರುಗಿದ.

"ಅವ್ವಾ, ನನ್ನ ತಲಿ ಸರಿ ಅದ."

ಸರಸ್ವತೀಬಾಯಿಯವರು ಸೆರಗು ಬಾಯಿಗೊತ್ತಿ ಒಳಗೆ ಹೋದರು. ತಟ್ಟೆಯಲ್ಲಿ ಎರಡು ಲೋಟ ನೀರು ತಂದರು. ಮುರಿಗೆವ್ವ ಮುಟ್ಟಲಿಲ್ಲ, ತಲೆ ತಗ್ಗಿಸಿ ಕೂತೇ ಇದ್ದಳು. ನಂದಕಿಶೋರ ಲೋಟ ಎತ್ತಿ ಅವಳ ಕೈಗೆ ಕೊಟ್ಟ.

"ಕುಡೀರಿ. ಅವತ್ತ ನೀವೂ ಕೊಟ್ಟಿದ್ರಿ" ಎಂದ. ಅವಳು ಅಳುತ್ತಲೇ ಕುಡಿದಳು.

ಇನ್ನೊಂದು ಲೋಟ ನನ್ನದು. ಕೈ ಚಾಚಿದೆ. ಸರಸ್ವತೀಬಾಯಿಯವರು ತಟ್ಟೆ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು.

"ಮಾಸ್ತರ, ಒಂದು ಮಾತು ಕೇಳ್ತೀನಿ. ಬೋರ್ಡ್ ಅದ ಅಂತ ಅವತ್ತ ದವಾಖಾನ್ಯಾಗ ಹೇಳಿದ್ರಲ್ಲ. ನನ್ನ ಮಗ ಬಿದ್ದ ಮ್ಯಾಲೆ ನೀವು ಅಲ್ಲಿಗೆ ಹೋಗಿ ನೋಡಿದ್ರೇನ್ರಿ?"

ಆ ದಾರಿಯಲ್ಲಿ ಆಮೇಲೆ ಮೂರು ಸಲ ಹೋಗಿದ್ದೆ. ಗೊತ್ತಿದ್ದ ರಸ್ತೆಯೆಂದು ಕತ್ತೆತ್ತಿ ನೋಡಿರಲಿಲ್ಲ.

"ಇಲ್ರಿ" ಎಂದೆ.